ಅರಿಮಾತ್ಸು: ಗಂಟು ಕಟ್ಟಿ ಬದುಕಿದ ಊರು

ಅಕ್ಕ-ತಂಗ್ಯಾರ, ಜಪಾನಿನ ನಗೋಯಾದಾಗ ಅರಿಮಾತ್ಸು ಅಂತ ಒಂದು ಹಳೇ ಪ್ಯಾಟಿ ಅದ, ನೋಡಿ ಬಂದೆ. 1608ರಾಗ ತೊಕೈದೊ ಹೆದ್ದಾರಿ ಮ್ಯಾಲೆ ಹುಟ್ಟಿದ ಊರು. ಬೆಳಿಗೆ ಯೋಗ್ಯ ಭೂಮಿ ಕಡಿಮಿ, ಹೊಟ್ಟಿಗೆ ಬ್ಯಾರೆ ದಾರಿ ಬೇಕಾತು. ನಗೋಯಾ ಕೋಟೆ ಕಟ್ಟಲಿಕ್ಕೆ ಕ್ಯೂಶೂದಿಂದ ಬಂದವರ ಗಂಟು ಕಟ್ಟಿದ ಬಟ್ಟಿ ನೋಡಿ, ಟಕೆದಾ ಶೊಕುರೊ ಅನ್ನಾಂವ ಹತ್ತಿ ವಸ್ತ್ರಕ್ಕ ಹಂಗ ಬಣ್ಣಾ ಹಾಕಿ ದಾರಿಹೋಕರಿಗೆ ಮಾರಿದ ಅಂತಾರ. ನಮ್ಮ ಬಾಂಧನಿ ಇದ್ದಂಗನ; ಅಲ್ಲಿ ಶಿಬೊರಿ. ದಾರ ಬಿಗದಲ್ಲೆ ನೀಲಿ ಇಳಿಯೂದಿಲ್ಲ, ಬೆಳ್ಳಗ ಉಳೀತದ.

1784ರಾಗ ಬೆಂಕಿ ಹತ್ತಿ ಊರು ಬಹಳಷ್ಟು ಸುಟ್ಟಹೋತು. ಆಮ್ಯಾಲೆ ವ್ಯಾಪಾರಸ್ಥರು ಹುಲ್ಲು ಬಿಟ್ಟು ಹಂಚು ಹೊದಿಸಿದ್ರು, ಗ್ವಾಡಿಗೆ ದಪ್ಪ ಗಿಲಾವು ಮಾಡಿದ್ರು. ಅಂಥಾ ಮನಿಗಳು ಇನ್ನೂ ನಿಂತಾವ.

ಆದ್ರ ಗಂಟು ಕಟ್ಟಿದವರು ಯಾರು? ಹೆಚ್ಚಾಗಿ ಹೆಣ್ಣುಮಕ್ಕಳು, ಮನಿ-ಹೊಲದ ಕೆಲಸದ ನಡುವ. ಸುಮಾರು 100 ನಮೂನಿ ಗಂಟು. ಒಬ್ಬಾಕಿಗೆ ಒಂದ ನಮೂನಿ, ಜೀವನಪೂರ್ತಿ ಅದ. ಒಂದು ಥಾನು ಮುಗಿಸಲಿಕ್ಕೆ ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡೀತದ. ದೊಡ್ಡ ಮನಿಗಳಿಗೆ ವ್ಯಾಪಾರಸ್ಥರ ಹೆಸರದ, ಗಂಟಿಗೆ ಕಟ್ಟಿದಾಕಿ ಹೆಸರಿಲ್ಲ. ನಾ ಕಂಡಾಗ ಕಟ್ಟಾವ್ರು ಮುದುಕ್ಯಾರ ಇದ್ರು. ಕಲಿಯೋ ಮಗಳು, ಸೊಸಿ ಸಿಗಲಿಲ್ಲಂದ್ರ, ಅಜ್ಜಿ ಹೋದ ದಿನಾನ ಆಕಿ ಗಂಟೂ ಹೋದಂಗ.