ಜಿಲೇಬಿ ಮೀನು ನಮ್ಮ ಕೆರೆಗೆ ಬಂದದ್ದು

ಸಂಜೆ ಐದರ ಮೇಲೆ ನಮ್ಮ ಕಡೆಯ ಕೆರೆ ಏರಿಗೆ ಹೋದರೆ ಬಿದಿರು ಕಡ್ಡಿ ಹಿಡಿದು ನಾಲ್ಕು ಜನ ಕೂತಿರುತ್ತಾರೆ. ಗಾಳಕ್ಕೆ ಎರೆಹುಳು, ದಾರಕ್ಕೊಂದು ಬೆಂಡು. ಬೆಂಡು ಮುಳುಗಿತೆಂದರೆ ಹೆಚ್ಚಾಗಿ ಬರುವುದು ಅಂಗೈ ಅಗಲದ ಜಿಲೇಬಿ. ತಾತನ ಕಾಲದಿಂದಲೂ ಇಲ್ಲಿಯದೇ ಮೀನು ಅಂತ ಎಲ್ಲರ ನಂಬಿಕೆ. ಆದರೆ ಕೆರೆಯ ವಯಸ್ಸಿನ ಮುಂದೆ ಇದು ಮೊನ್ನೆ ಬಂದದ್ದು.

ಪುಸ್ತಕದಲ್ಲಿ ಇದರ ಹೆಸರು ತಿಲಾಪಿಯಾ, ತವರು ಆಫ್ರಿಕಾದ ಮೊಜಾಂಬಿಕ್ ಕಡೆಯ ನದಿಗಳು. ಭಾರತಕ್ಕೆ ತಂದದ್ದು 1952ರಲ್ಲಿ. ಊಟಕ್ಕೇ ತತ್ವಾರವಿದ್ದ ಕಾಲ. ಪಾಚಿ ತಿಂದು ತಾನೇ ಬೆಳೆಯುವ ಮೀನನ್ನು ಯಾವ ಸರ್ಕಾರ ಬೇಡ ಎಂದೀತು? ತೊಡಕಾದದ್ದು ಸಂತಾನದಲ್ಲಿ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ತಂದು ಬಿಡಬೇಕು. ಜಿಲೇಬಿ ಕೆರೆತಳದಲ್ಲೇ ಗುಂಡಿ ತೋಡಿ ಮೊಟ್ಟೆಯಿಡುತ್ತದೆ, ತಾಯಿ ಅವನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಎರಡು ಮೂರು ತಿಂಗಳಿಗೆ ಆ ಮರಿಯೂ ತಾಯಿ! ಕೆರೆ ತುಂಬಾ ಮೀನು, ಗಾತ್ರ ಮಾತ್ರ ಅಂಗೈಗೇ ನಿಂತಿತು. 1959ರಲ್ಲಿ ಇದನ್ನು ಹೊಸ ನೀರಿಗೆ ಬಿಡಬಾರದೆಂದು ನಿರ್ಬಂಧ ಬಂತು. ಆದೇಶ ಕಚೇರಿಯಲ್ಲಿತ್ತು, ಮೀನು ಕೋಡಿ ದಾಟಿ ಮುಂದಿನ ಕೆರೆ ಸೇರಿತ್ತು.

ಈಗ ಕೆರೆಗಳು ಹರಾಜಾಗುತ್ತವೆ. ದುಡ್ಡು ಕೊಟ್ಟು ಕಾಟ್ಲಾ ಮರಿ ಬಿಟ್ಟ ಗುತ್ತಿಗೆದಾರನಿಗೆ ಜಿಲೇಬಿ ಬರೀ ಕಳೆ, ಮೇವು ಕಸಿಯುವ ಕಳೆ. ಹಾಗಾಗಿ ಗಾಳ ಹಾಕುವವರನ್ನು ಕಂಡೂ ಕಾಣದಂತೆ ಹೋಗುತ್ತಾನೆ. ಊರಿನವರಿಗೆ ಕಾಸಿಲ್ಲದೆ ಉಳಿದಿರುವುದು ಇದೊಂದೇ ಮೀನು. ಅದಕ್ಕೂ ಕಡ್ಡಿ ಕಿತ್ತುಕೊಳ್ಳುವ ಕಾವಲುಗಾರರು ಕೆಲವು ಕಡೆ ಇದ್ದಾರೆ.