ಏಕಕಾಲದ ಚುನಾವಣೆಗಳು

ಲೋಕಸಭೆಗೂ ವಿಧಾನಸಭೆಗೂ ಏಕಕಾಲಕ್ಕೆ ಚುನಾವಣೆ ನಡೆಯಬೇಕೆಂಬುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಹೊಸ ಮಾತಲ್ಲ. ಈ ತಾಲೂಕುಗಳು ಮುಂಬಯಿ ರಾಜ್ಯದಲ್ಲಿದ್ದಾಗ, ೧೯೫೧-೫೨ರಲ್ಲಿ, ಇಲ್ಲಿಯ ಮತದಾರರು ದಿಲ್ಲಿಗೂ ಮುಂಬಯಿಗೂ ಒಮ್ಮೆಲೇ ಪ್ರತಿನಿಧಿಗಳನ್ನು ಆರಿಸಿದರು. ೧೯೫೬ರ ನವೆಂಬರ ೧ರಂದು ಏಕೀಕರಣವಾಗಿ ಮುಂಬಯಿಯ ಸ್ಥಾನಕ್ಕೆ ಬೆಂಗಳೂರು ಬಂದಿತು. ೧೯೫೭, ೧೯೬೨, ೧೯೬೭ರಲ್ಲಿ ಕ್ರಮವು ಮಾತ್ರ ಹಾಗೆಯೇ ನಡೆಯಿತು. ೧೯೭೧ರಲ್ಲಿ ಲೋಕಸಭೆಯ ಚುನಾವಣೆಯು ಅವಧಿಗೆ ಮುನ್ನವೇ ಜರುಗಿ, ವಿಧಾನಸಭೆಯದು ೧೯೭೨ಕ್ಕೆ ಬಿದ್ದುದರಿಂದ ಈ ಜೋಡಿಯು ಅಗಲಿತು. ೧೯೮೯, ೧೯೯೯, ೨೦೦೪ರಲ್ಲಿ ಅವೆರಡೂ ಮತ್ತೆ ಕೂಡಿದುದು ಕಾಲಯೋಗದಿಂದಲೇ ಹೊರತು ಕಟ್ಟಳೆಯಿಂದಲ್ಲ.

ಕೂಡಿ ನಡೆದರೆ ವೆಚ್ಚವು ತಗ್ಗುವದು. ಶಾಲೆಯ ಶಿಕ್ಷಕರು ಎರಡು ಸಲ ಮತಗಟ್ಟೆಗೆ ಹೋಗುವದು ತಪ್ಪುವದು. ನೀತಿಸಂಹಿತೆಯ ನಿಮಿತ್ತ ಹೊಸ ಕಾಮಗಾರಿಗಳು ಪದೇ ಪದೇ ತಡೆಯಲಾರವು. ಇವು ಅಲ್ಪ ಲಾಭಗಳಲ್ಲ.

ಆದರೆ ೧೯೮೪ರ ಡಿಸೆಂಬರದಲ್ಲಿ ಕರ್ನಾಟಕವು ೨೮ ಲೋಕಸಭಾ ಸ್ಥಾನಗಳಲ್ಲಿ ೨೪ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಮತದಾರರ ಮುಂದೆ ಮತ್ತೆ ನಿಂತರು. ಮೂರು ತಿಂಗಳೊಳಗೆ, ೧೯೮೫ರ ಮಾರ್ಚದಲ್ಲಿ, ಅದೇ ಜನರು ೨೨೪ ಸ್ಥಾನಗಳಲ್ಲಿ ೧೩೯ನ್ನು ಜನತಾ ಪಕ್ಷಕ್ಕೆ ಕೊಟ್ಟರು. ಎರಡೂ ಮತಪೆಟ್ಟಿಗೆಗಳು ಒಂದೇ ದಿನ ಎದುರಿಗಿದ್ದರೆ ಈ ವಿವೇಚನೆಯು ಇಷ್ಟು ಸ್ಪಷ್ಟವಾಗಿ ತೋರುತ್ತಿದ್ದಿತೇ?

೨೦೨೪ರ ಡಿಸೆಂಬರದಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಮಸೂದೆಯ ಪ್ರಕಾರ, ನಡುವೆ ವಿಸರ್ಜಿತವಾದ ಸಭೆಗೆ ಉಳಿದ ಅವಧಿಗೆ ಮಾತ್ರ ಚುನಾವಣೆಯಾಗತಕ್ಕದ್ದು. ಶಾಸಕರ ಮರಣದಿಂದ ೨೦೨೧ರಲ್ಲಿ ಸಿಂದಗಿಯಲ್ಲಿ ನಡೆದಂಥ ಉಪಚುನಾವಣೆಯನ್ನಂತೂ ಯಾವ ಪಂಚಾಂಗವೂ ತಪ್ಪಿಸಲಾರದು. ವೆಚ್ಚದ ಉಳಿತಾಯವು ಹಿತಕರವೇ. ಆದರೆ ಐದು ವರ್ಷಗಳ ಅಧಿಕಾರವನ್ನು ಕೊಡುವ ಮತವು ಎರಡು ವರ್ಷಗಳಿಗೆ ಇಳಿದರೆ, ಆ ಉಳಿತಾಯದ ಬೆಲೆಯನ್ನು ತೆರುವವನು ಮತದಾರನೇ.