ಚಂದಾ ಪಟ್ಟಿಗೂ ಒಂದು ಚರಿತ್ರೆ

ಉಡುಮಲೈಪೇಟೆಯಿಂದ ಪಳನಿಗೆ ಹೋಗುವ ದಾರಿಯಲ್ಲಿ ಮಡತ್ತುಕುಳಂ ಸಿಗುತ್ತದೆ. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾಗುವ ತನಕ ಅದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ಈ ಎರಡು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದುವುದು ತಮಿಳು. ಆ ಕಡೆ ಹೋಗಿದ್ದಾಗ ಒಂದು ಮನೆಯ ಹುಡುಗನಿಗೆ ನಾವು ಕನ್ನಡ ಕಥೆ ಪುಸ್ತಕ ಕೊಟ್ಟೆವು. ಚಿತ್ರಗಳನ್ನು ನೋಡಿ ಮಡಚಿಟ್ಟ. ಫೋನಿನಲ್ಲಿ ಒಂದು ಕನ್ನಡ ಕಥೆ ಕೇಳಿಸಿದೆವು ನೋಡಿ, ಅವನ ಅಜ್ಜಿಯೂ ಬಂದು ಪಕ್ಕದಲ್ಲಿ ಕುಳಿತರು!

ಕಾಸರಗೋಡಿನ ನಮಗೆ ಈ ಕೊರತೆ ಅಷ್ಟಾಗಿ ತಿಳಿಯದು. 1976ರಿಂದ ಮಂಗಳೂರು ಆಕಾಶವಾಣಿ ನಮ್ಮ ಅಂಗಳದಲ್ಲೇ ಇದೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಸ್ವಂತ ಬಾನುಲಿ ಕೇಂದ್ರ ತೆರೆದಿದ್ದರು. ಆದರೆ ಬಾನುಲಿಯ ಅಲೆಗೆ ಒಂದು ಮಿತಿಯಿದೆ. ಮಧ್ಯಮ ತರಂಗ ರಾತ್ರಿ ಹೊತ್ತು ದೂರಕ್ಕೆ ಹರಿಯುತ್ತದೆ, ಹಗಲಲ್ಲಿ ಸೊರಗುತ್ತದೆ. ಕೇಳುವ ಸಮಯವನ್ನೂ ನಿಲಯದವರೇ ಗೊತ್ತು ಮಾಡುತ್ತಾರೆ.

ಪಾಡ್‌ಕಾಸ್ಟ್ ಬಂದದ್ದು ಇನ್ನೊಂದು ದಾರಿಯಿಂದ. 2000ದ ಡಿಸೆಂಬರಿನಲ್ಲಿ ಅಮೆರಿಕದ ಡೇವ್ ವೈನರ್ ಆರ್‌ಎಸ್‌ಎಸ್ ಎಂಬ ಸುದ್ದಿಪಟ್ಟಿಯಲ್ಲಿ ಧ್ವನಿ ಕಡತದ ವಿಳಾಸ, ಗಾತ್ರ, ಬಗೆ ಈ ಮೂರನ್ನು ಬರೆಯಲು ಜಾಗ ಮಾಡಿದರು. 2004ರಲ್ಲಿ ಹಿಂದಿನ ಟಿವಿ ನಿರೂಪಕ ಆ್ಯಡಂ ಕರಿ ಅದನ್ನು ಬಳಸಿ ಐಪಾಡರ್ ಮಾಡಿದರು. ಅದರ ಹಿಂದಿನ ಯೋಚನೆ ನಮಗೆ ಬಹಳ ಇಷ್ಟ. ತಂತಿ ನಿಧಾನ, ಕಡತ ದೊಡ್ಡದು. ಹಾಗಾದರೆ ಕೇಳುವವ ಕಾಯುವುದೇಕೆ? ಅವನು ಮಲಗಿರುವಾಗ ಯಂತ್ರವೇ ಇಳಿಸಿಕೊಂಡು ಇಟ್ಟಿರಲಿ! ಅದೇ ವರ್ಷ ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್‌ಲಿ 'ಪಾಡ್‌ಕಾಸ್ಟಿಂಗ್' ಎಂಬ ಪದ ಬರೆದರು. 2005ರ ಜೂನಿನಲ್ಲಿ ಆಪಲ್ ತನ್ನ ಐಟ್ಯೂನ್ಸಿನೊಳಗೆ ಇದನ್ನು ಸೇರಿಸಿತು. ಎರಡೇ ದಿನದಲ್ಲಿ ಚಂದಾ ಹತ್ತು ಲಕ್ಷ ದಾಟಿತೆಂದು ಸಾರಿತು. ಕನ್ನಡದಲ್ಲಿ 'ತಲೆ-ಹರಟೆ'ಯಂಥವು ಬರುವಾಗ 2019 ಆಗಿತ್ತು.

ಚಂದಾ ಎಂದರೆ ಹಣವಲ್ಲ, ಬರೇ ವಿಳಾಸ. ಪ್ಲೇಯರ್ ಆಗಾಗ ಆ ವಿಳಾಸಕ್ಕೆ ಹೋಗಿ ಹೊಸ ಕಂತು ಬಂದಿದೆಯೇ ಎಂದು ನೋಡುತ್ತದೆ. ಚಂದಾ ಆದ ಮಾತ್ರಕ್ಕೆ ಧ್ವನಿ ನಮ್ಮ ಫೋನಿಗೆ ಬಂತು ಎಂದಲ್ಲ. ಅದನ್ನು ಇಳಿಸಬೇಕು. 64 ಕಿಲೋಬಿಟ್ ದರದ ಒಂದು ಗಂಟೆಯ ಮಾತು ಸುಮಾರು 29 ಎಂಬಿ, 128ರದ್ದಾದರೆ ಅದರ ಎರಡರಷ್ಟು. ಎಲ್ಲ ಚಂದಾಗಳಿಗೂ ತಾನಾಗಿ ಇಳಿಯುವಂತೆ ಬಿಟ್ಟರೆ ಸಣ್ಣ ಫೋನು ಬೇಗನೆ ತುಂಬುತ್ತದೆ. ವೈ-ಫೈ ಇದ್ದಾಗ ಮಾತ್ರ ಇಳಿಸು, ಕೇಳಿದ ಮೇಲೆ ಅಳಿಸು ಎಂಬ ಎರಡು ಆಯ್ಕೆಗಳು ಆಂಟೆನಾಪಾಡ್‌ನಂಥ ಉಚಿತ ಪ್ಲೇಯರಿನಲ್ಲಿವೆ. ಎರಡನೆಯದನ್ನು ಹಾಕುವ ಮೊದಲು ಸ್ವಲ್ಪ ಯೋಚಿಸಿ, ಮಕ್ಕಳು ಒಂದೇ ಕಥೆಯನ್ನು ಹತ್ತು ಸಲ ಕೇಳುವವರು.

ನಮ್ಮ ಪೆದ್ದುತನವನ್ನೂ ಹೇಳಿಬಿಡುತ್ತೇವೆ. ಫೋನು ತುಂಬಿತೆಂದು ಒಮ್ಮೆ ಪ್ಲೇಯರನ್ನೇ ತೆಗೆದು ಮತ್ತೆ ಹಾಕಿದೆವು. ಎರಡು ವರ್ಷ ಕೂಡಿಸಿದ್ದ ಪಟ್ಟಿಯೂ ಇಳಿಸಿಟ್ಟ ಕಂತುಗಳೂ ಹೋದವು. ಅದರಲ್ಲಿ ಒಂದು ಕಥಾಮಾಲಿಕೆಯನ್ನು ಮಾಡಿದವರೇ ಅಂತರ್ಜಾಲದಿಂದ ತೆಗೆದಿದ್ದರು. ಮತ್ತೆ ಸಿಗಲಿಲ್ಲ.

ದೊಡ್ಡವರ ಅಂಗಡಿಯೂ ಮುಚ್ಚುತ್ತದೆ. 2018ರಲ್ಲಿ ಶುರುವಾದ ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತಿತು. ಆಗ ಕೇಳುಗರು ತಮ್ಮ ಪಟ್ಟಿಯನ್ನು ಓಪಿಎಂಎಲ್ ಕಡತವಾಗಿ ಹೊರತೆಗೆದು ಬೇರೆ ಪ್ಲೇಯರಿಗೆ ಹಾಕಲು ಸಾಧ್ಯವಾಯಿತು. ಈ ಓಪಿಎಂಎಲ್ ಕೂಡ ವೈನರ್ ಅವರದೇ, 2000ದ ಕಾಲದ್ದು. ಅದರಲ್ಲಿ ವಿಳಾಸಗಳಷ್ಟೇ ಇರುತ್ತವೆ, ಧ್ವನಿ ಇರುವುದಿಲ್ಲ. ಬೇಕಾದ ಕಂತುಗಳ ಎಂಪಿ3 ಪ್ರತಿಗಳನ್ನು ಬೇರೆಯೇ ಇಟ್ಟುಕೊಳ್ಳಬೇಕು.

ಮಡತ್ತುಕುಳಂನ ಆ ಮನೆಯವರ ಫೋನಿಗೆ ಪ್ಲೇಯರ್ ಹಾಕಿ, ನಮ್ಮ ಹೊಸ ಪಟ್ಟಿಯನ್ನು ಕಳಿಸಿದೆವು. ಕೆಲವೇ ಕಿಲೋಬೈಟಿನದು, ಕ್ಷಣದಲ್ಲಿ ಹೋಯಿತು. ಕಂತುಗಳನ್ನು ಇಳಿಸಲು ಮಾತ್ರ ಊಟದ ಹೊತ್ತಿನ ತನಕ ಬೇಕಾಯಿತು. ಅಜ್ಜಿ ಮಧ್ಯೆ ಎರಡು ಸಲ ಬಂದು, ಆಯಿತೇ ಎಂದು ವಿಚಾರಿಸಿ ಹೋದರು.